ಗ್ರಂಥಸ್ವಾಮ್ಯವೂ ಓದುಗನ ಹಾದಿಯೂ

ಪುಸ್ತಕವೊಂದನ್ನು ಬರೆದವನಿಗೆ ಆ ಪುಸ್ತಕದ ಮೇಲೆ ಹಕ್ಕುಂಟೆ? ಉಂಟು ಎಂದು ಇಂದು ಯಾರೂ ತಡವರಿಸದೆ ಹೇಳುತ್ತಾರೆ. ಅದನ್ನು ಓದುವವನಿಗೂ ಏನಾದರೂ ಹಕ್ಕುಂಟೆ? ಈ ಎರಡನೆಯ ಪ್ರಶ್ನೆಗೆ ಉತ್ತರ ಅಷ್ಟು ಬೇಗ ಬರುವುದಿಲ್ಲ. ಹಣ ಕೊಟ್ಟು ಕೊಂಡವನು ಓದಲಿ, ಉಳಿದವನು ಸುಮ್ಮನಿರಲಿ ಎನ್ನುವವರೇ ಬಹುಮಂದಿ. ಆದರೆ ಗ್ರಂಥಸ್ವಾಮ್ಯದ ಕಾನೂನು ಹಾಗೆ ಹೇಳಿಲ್ಲ, ಎಂದೂ ಹೇಳಿರಲಿಲ್ಲ. ಸ್ವಾಮ್ಯದ ಉಲ್ಲಂಘನೆಯಾಯಿತೆಂದು ಅಂತರಜಾಲದ ತಾಣಗಳನ್ನೇ ಮುಚ್ಚಿಸುವ ಪದ್ಧತಿ ಬಲವಾಗಿ ಬೆಳೆಯುತ್ತಿರುವ ಈ ದಿನಗಳಲ್ಲಿ, ಆ ಎರಡನೆಯ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ಕೇಳಿಕೊಳ್ಳುವುದು ಒಳ್ಳೆಯದು.

ಮೊದಲು ಲೇಖಕನ ಪಕ್ಷವನ್ನು ನೋಡೋಣ. ಕನ್ನಡ ಕಾದಂಬರಿಗೆ ಓದುಗರನ್ನು ತಂದುಕೊಟ್ಟ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಅಂಥವರ ಪುಸ್ತಕವನ್ನು ಬೇರೊಬ್ಬನು ಗುಟ್ಟಾಗಿ ಅಚ್ಚು ಹಾಕಿಸಿ ಅರ್ಧ ಬೆಲೆಗೆ ಮಾರಿದರೆ, ಅದು ಅವರ ಅನ್ನಕ್ಕೇ ಕೈಯಿಕ್ಕಿದಂತೆ. ಚಲನಚಿತ್ರದ ಮಾತೂ ಇದೇ. ಒಂದು ಚಿತ್ರದ ಹಿಂದೆ ನೂರಾರು ಜನರ ದುಡಿಮೆ ಇರುತ್ತದೆ. ಬಡ್ಡಿಗೆ ತಂದ ಹಣವಿರುತ್ತದೆ. ಬಿಡುಗಡೆಯಾದ ಮೊದಲ ವಾರದಲ್ಲಿ ಬಂದಷ್ಟೇ ಗಳಿಕೆ. ಆ ವಾರದಲ್ಲೇ ಅದರ ಕಳ್ಳಪ್ರತಿ ಅಂತರಜಾಲದಲ್ಲಿ ಕಾಣಿಸಿಕೊಂಡರೆ ನಿರ್ಮಾಪಕನ ಸಂಕಟ ಹುಸಿಯೆಂದು ಯಾರೂ ಹೇಳಲಾರರು. ಕಳವು ಯಾವ ಹೊಸ ಯಂತ್ರದ ಮೂಲಕ ನಡೆದರೂ ಕಳವೇ ಸರಿ.

ಆದರೆ ಈ ಹಕ್ಕು ಹುಟ್ಟಿದ ಬಗೆಯನ್ನು ನೆನೆಯಬೇಕು. ಇಂಗ್ಲೆಂಡಿನಲ್ಲಿ 1710ರಲ್ಲಿ ಜಾರಿಗೆ ಬಂದ ಶಾಸನವನ್ನು ಆಧುನಿಕ ಗ್ರಂಥಸ್ವಾಮ್ಯದ ಮೂಲವೆಂದು ಹೇಳುವುದು ವಾಡಿಕೆ. ಆ ಶಾಸನದ ಶೀರ್ಷಿಕೆಯಲ್ಲೇ ವಿದ್ಯೆಯ ಪ್ರೋತ್ಸಾಹಕ್ಕಾಗಿ ಎಂಬ ಮಾತಿತ್ತು. ಹೊಸ ಪುಸ್ತಕಕ್ಕೆ ಅದು ಕೊಟ್ಟದ್ದು 14 ವರ್ಷಗಳ ಹಕ್ಕು. ಅವಧಿ ಮುಗಿದಾಗ ಲೇಖಕ ಬದುಕಿದ್ದರೆ ಇನ್ನೂ 14 ವರ್ಷ. ಅನಂತರ ಪುಸ್ತಕ ಎಲ್ಲರದು. ಲೇಖಕನಿಗೆ ಕೆಲಕಾಲ ಬೇಲಿ ಹಾಕಿಕೊಟ್ಟರೆ ಅವನು ಹೆಚ್ಚು ಬರೆಯುತ್ತಾನೆ, ಅವನು ಬರೆದದ್ದು ಕೊನೆಗೆ ಲೋಕದ ಸ್ವತ್ತಾಗುತ್ತದೆ ಎಂಬುದು ಅದರ ಆಶಯ.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಅಧಿನಿಯಮವೂ ಇದೇ ವಂಶದ್ದು. ಲೇಖಕ ತೀರಿಕೊಂಡ ಮೇಲೆ 50 ವರ್ಷ ಎಂದಿದ್ದ ಅವಧಿಯನ್ನು, ರವೀಂದ್ರನಾಥ ಠಾಕೂರರ ಕೃತಿಗಳ ಸ್ವಾಮ್ಯ ಮುಗಿಯುವ ಹೊತ್ತಿಗೆ, 1992ರ ತಿದ್ದುಪಡಿಯಲ್ಲಿ 60 ವರ್ಷಕ್ಕೆ ಏರಿಸಲಾಯಿತು. 1942ರಲ್ಲಿ ತೀರಿಕೊಂಡ ಗಳಗನಾಥರ ಕೃತಿಗಳು 2003ರಿಂದ ಎಲ್ಲರವು. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀಯವರ ಕೃತಿಗಳು 2007ರಿಂದ ಎಲ್ಲರವು. 1981ರಲ್ಲಿ ನಮ್ಮನ್ನಗಲಿದ ಬೇಂದ್ರೆಯವರ ಕೃತಿಗಳು 2041ರ ಕೊನೆಯವರೆಗೂ ಸ್ವಾಮ್ಯಕ್ಕೆ ಒಳಪಟ್ಟಿರುತ್ತವೆ. ಆ ಅವಧಿಯೊಳಗೂ ಓದುಗನಿಗೆ ಕೆಲವು ಹಾದಿಗಳನ್ನು ಅಧಿನಿಯಮದ 52ನೆಯ ಪ್ರಕರಣ ತೆರೆದಿಟ್ಟಿದೆ. ಸ್ವಂತ ಅಧ್ಯಯನಕ್ಕಾಗಿ ಬಳಸಬಹುದು, ವಿಮರ್ಶೆಗಾಗಿ ಉದ್ಧರಿಸಬಹುದು, ಪಾಠ ಹೇಳುವಾಗ ಪ್ರತಿ ಮಾಡಿಕೊಡಬಹುದು. ಇವೆಲ್ಲ ಲೇಖಕನು ದಾಕ್ಷಿಣ್ಯಕ್ಕೆ ಬಿಟ್ಟುಕೊಡುವ ವಿನಾಯಿತಿಗಳಲ್ಲ, ಶಾಸನವೇ ಓದುಗನಿಗೆ ಕೊಟ್ಟ ಪಾಲು.

ಈ ಪಾಲನ್ನು ನ್ಯಾಯಾಲಯ ಹೇಗೆ ಅಳೆದು ತೂಗುತ್ತದೆ ಎಂಬುದಕ್ಕೆ ದೆಹಲಿಯ ಒಂದು ಜೆರಾಕ್ಸ್ ಅಂಗಡಿಯ ಪ್ರಸಂಗವಿದೆ. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿದ್ಯಾಲಯದ ಆವರಣದಲ್ಲಿದ್ದ ಆ ಅಂಗಡಿ, ಪಠ್ಯಕ್ರಮಕ್ಕೆ ಬೇಕಾದ ಅಧ್ಯಾಯಗಳನ್ನು ಬೇರೆ ಬೇರೆ ಪುಸ್ತಕಗಳಿಂದ ತೆಗೆದು ಕಟ್ಟು ಕಟ್ಟಿ ವಿದ್ಯಾರ್ಥಿಗಳಿಗೆ ಕೊಡುತ್ತಿತ್ತು. ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ದೊಡ್ಡ ಪ್ರಕಾಶಕರು 2012ರಲ್ಲಿ ಮೊಕದ್ದಮೆ ಹೂಡಿದರು. ಆಗ ಒಂದು ವಿಶೇಷ ನಡೆಯಿತು. ವಿದ್ಯಾರ್ಥಿಗಳ ಸಂಘ, ಅಧ್ಯಾಪಕರ ಸಂಘ ತಾವೂ ನ್ಯಾಯಾಲಯಕ್ಕೆ ಹೋಗಿ, ನಮ್ಮ ಮಾತನ್ನೂ ಕೇಳಬೇಕು ಎಂದವು. ನ್ಯಾಯಾಲಯ ಕೇಳಿತು. 2016ರ ಸೆಪ್ಟೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಪ್ರಕಾಶಕರ ದಾವೆಯನ್ನು ವಜಾ ಮಾಡಿತು. ಅದೇ ವರ್ಷ ಡಿಸೆಂಬರಿನಲ್ಲಿ ವಿಭಾಗೀಯ ಪೀಠ ಕೆಲವು ಸಂಗತಿಗಳ ವಿಚಾರಣೆ ಇನ್ನೂ ಆಗಬೇಕೆಂದಿತಾದರೂ, ಪಾಠಕ್ಕಾಗಿ ಪ್ರತಿ ಮಾಡುವ ತತ್ವವನ್ನು ಎತ್ತಿಹಿಡಿಯಿತು. 2017ರಲ್ಲಿ ಪ್ರಕಾಶಕರು ಮೊಕದ್ದಮೆಯನ್ನೇ ಹಿಂದಕ್ಕೆ ಪಡೆದರು. ತೀರ್ಪು ಯಾರ ಕಡೆಗೆ ಬಂತೆಂಬುದಕ್ಕಿಂತ, ಆ ವ್ಯಾಜ್ಯದಲ್ಲಿ ಓದುಗನಿಗೂ ಒಂದು ಸ್ಥಾನವಿತ್ತೆಂಬುದು ನನ್ನ ಇಂದಿನ ಮಾತಿಗೆ ಮುಖ್ಯ.

ಅಂತರಜಾಲದ ತಾಣವನ್ನು ಮುಚ್ಚಿಸುವ ಮೊಕದ್ದಮೆಗಳಲ್ಲಿ ಕಾಣದಿರುವುದು ಈ ಸ್ಥಾನವೇ. ಅವು ನಡೆಯುವ ಕ್ರಮವನ್ನು ಸ್ವಲ್ಪ ವಿವರಿಸುತ್ತೇನೆ. ಚಿತ್ರವೊಂದು ಬಿಡುಗಡೆಯಾಗುವ ಮುನ್ನ ನಿರ್ಮಾಪಕರು ಉಚ್ಚ ನ್ಯಾಯಾಲಯಕ್ಕೆ ಹೋಗುತ್ತಾರೆ. ಕಳವು ಇನ್ನೂ ಆಗಿಲ್ಲ. ಕಳ್ಳ ಯಾರೆಂದು ತಿಳಿಯದು. ಆದ್ದರಿಂದ ಹೆಸರಿಲ್ಲದ ಪ್ರತಿವಾದಿಗೆ ಒಂದು ಹೆಸರಿಡುತ್ತಾರೆ. ಪಾಶ್ಚಾತ್ಯರಲ್ಲಿ ಆ ಹೆಸರು ಜಾನ್ ಡೋ. ನಮ್ಮಲ್ಲಿ ಅಶೋಕ್ ಕುಮಾರ್. 2002ರಲ್ಲಿ ವಿಶ್ವಕಪ್ ಫುಟ್‌ಬಾಲ್ ಪಂದ್ಯಗಳನ್ನು ಕೇಬಲ್ ನಡೆಸುವವರು ಅನುಮತಿಯಿಲ್ಲದೆ ತೋರಿಸುವುದನ್ನು ತಡೆಯಲು ದೆಹಲಿ ಉಚ್ಚ ನ್ಯಾಯಾಲಯ ಇಂಥ ಆಜ್ಞೆ ಕೊಟ್ಟಿತು. 2011ರ ಸುಮಾರಿಗೆ ಚಲನಚಿತ್ರಗಳವರೂ ಈ ಹಾದಿ ಹಿಡಿದರು. ಅಶೋಕ್ ಕುಮಾರನೊಂದಿಗೆ ಅಂತರಜಾಲ ಸೇವೆ ಒದಗಿಸುವ ಕಂಪನಿಗಳೂ ಪ್ರತಿವಾದಿಗಳಾಗುತ್ತವೆ. ತಾಣಗಳ ಪಟ್ಟಿಯೊಂದು ಸಿದ್ಧವಾಗುತ್ತದೆ. ಎದುರು ಪಕ್ಷದಲ್ಲಿ ವಾದಿಸುವವರು ಯಾರೂ ಇಲ್ಲದೆ ಮಧ್ಯಂತರ ಆಜ್ಞೆ ಹೊರಡುತ್ತದೆ.

ಆಜ್ಞೆ ಬಂದೊಡನೆ ಕಂಪನಿಗಳು ಮಾಡುವುದೇನು? ಅಂತರಜಾಲದಲ್ಲಿ ಪ್ರತಿ ತಾಣಕ್ಕೂ ಅಂಕಿಗಳ ಒಂದು ವಿಳಾಸವಿರುತ್ತದೆ. ನಾವು ಹೆಸರು ಬರೆದರೆ ಅದಕ್ಕೆ ತಕ್ಕ ಅಂಕಿಯನ್ನು ಹುಡುಕಿಕೊಡುವ ವ್ಯವಸ್ಥೆ ದೂರವಾಣಿ ಕೈಪಿಡಿಯಂಥದು. ಆ ಕೈಪಿಡಿಯಿಂದ ಹೆಸರನ್ನು ಹೊಡೆದುಹಾಕುವುದು ಒಂದು ವಿಧಾನ. ಅಂಕಿಯ ವಿಳಾಸಕ್ಕೇ ದಾರಿ ಕೊಡದಿರುವುದು ಇನ್ನೊಂದು. ಕಳ್ಳಪ್ರತಿ ಇರುವುದು ತಾಣದ ಒಂದು ಪುಟದಲ್ಲಿ. ಈ ಎರಡು ವಿಧಾನಗಳಲ್ಲೂ ಮುಚ್ಚಿಹೋಗುವುದು ಇಡೀ ತಾಣ. ಎರಡನೆಯದರಲ್ಲಿ ಅಪಾಯ ಇನ್ನೂ ಹೆಚ್ಚು. ಒಂದೇ ವಠಾರದಲ್ಲಿ ಹಲವು ಸಂಸಾರಗಳಿರುವಂತೆ ಒಂದೇ ಅಂಕಿಯ ವಿಳಾಸದಲ್ಲಿ ನೂರಾರು ತಾಣಗಳಿರಬಹುದು. ಒಬ್ಬ ಬಾಡಿಗೆದಾರನ ತಪ್ಪಿಗೆ ವಠಾರದ ಹೆಬ್ಬಾಗಿಲಿಗೇ ಬೀಗ ಬೀಳುತ್ತದೆ.

ಇದು ಕಲ್ಪನೆಯ ಮಾತಲ್ಲ. 2012ರಲ್ಲಿ ಒಂದು ತಮಿಳು ಚಿತ್ರ, ಒಂದು ತೆಲುಗು ಚಿತ್ರಗಳ ರಕ್ಷಣೆಗೆಂದು ಮದರಾಸು ಉಚ್ಚ ನ್ಯಾಯಾಲಯ ಕೊಟ್ಟ ಆಜ್ಞೆಯನ್ನು ಹಿಡಿದು, ಮೇ ತಿಂಗಳಲ್ಲಿ ವಿಮಿಯೋ, ಡೈಲಿಮೋಷನ್, ಪೇಸ್ಟ್‌ಬಿನ್ ಮುಂತಾದ ತಾಣಗಳನ್ನು ಸಾರಾಸಗಟಾಗಿ ಮುಚ್ಚಲಾಯಿತು. ಇವುಗಳಲ್ಲಿ ಲಕ್ಷಾಂತರ ಜನ ತಾವೇ ತೆಗೆದ ಚಿತ್ರಗಳನ್ನೂ ತಾವೇ ಬರೆದ ಬರಹಗಳನ್ನೂ ಇಟ್ಟಿದ್ದರು. ಕಂಪನಿಗಳು ಮತ್ತೆ ನ್ಯಾಯಾಲಯಕ್ಕೆ ಹೋದವು. ತಡೆಯಾಜ್ಞೆ ಕಳ್ಳಪ್ರತಿ ಇರುವ ನಿರ್ದಿಷ್ಟ ಪುಟಕ್ಕೆ ಮಾತ್ರ, ಇಡೀ ತಾಣಕ್ಕಲ್ಲ ಎಂದು ಜೂನ್ ತಿಂಗಳಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. 2016ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಗೌತಮ್ ಪಟೇಲರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇಂತಿಂಥ ಪುಟದಲ್ಲಿ ಕಳ್ಳಪ್ರತಿ ಇದೆಯೆಂದು ಪರೀಕ್ಷಿಸಿ ಹೇಳದ ಹೊರತು ಆಜ್ಞೆ ಕೊಡಲಾಗದು, ಮುಚ್ಚಿದ ಪುಟದ ಮೇಲೆ ಯಾವ ಮೊಕದ್ದಮೆಯ ಯಾವ ಆಜ್ಞೆಯಿಂದ ಮುಚ್ಚಲಾಯಿತು, ನೊಂದವರು ಯಾರಲ್ಲಿಗೆ ಹೋಗಬೇಕು ಎಂಬುದನ್ನು ಬರೆದಿರಬೇಕು ಎಂದರು. ಬಾಗಿಲು ಹಾಕುವವನು ಕಾರಣವನ್ನು ಬಾಗಿಲ ಮೇಲೆ ಬರೆದು ಹೋಗಬೇಕೆಂಬ ಈ ಸರಳ ನಿಯಮದಲ್ಲಿ ದೊಡ್ಡ ವಿವೇಕವಿದೆ.

ಇಷ್ಟೆಲ್ಲ ಆದ ಮೇಲೆಯೂ 2017ರ ಆಗಸ್ಟಿನಲ್ಲಿ ನಡೆದುದನ್ನು ಕೇಳಿ. 'ಲಿಪ್‌ಸ್ಟಿಕ್ ಅಂಡರ್ ಮೈ ಬುರ್ಖಾ', 'ಜಬ್ ಹ್ಯಾರಿ ಮೆಟ್ ಸೇಜಲ್' ಎಂಬ ಎರಡು ಹಿಂದಿ ಚಿತ್ರಗಳ ಸಂಬಂಧವಾಗಿ ಮದರಾಸು ಉಚ್ಚ ನ್ಯಾಯಾಲಯದಿಂದ ಆಜ್ಞೆಗಳು ಹೊರಟವು. ತಾಣಗಳ ಪಟ್ಟಿಯಲ್ಲಿ 2,600ಕ್ಕೂ ಹೆಚ್ಚು ಹೆಸರುಗಳಿದ್ದವು. ಅವುಗಳ ನಡುವೆ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯ ಹೆಸರೂ ಸೇರಿಹೋಗಿತ್ತು. 1996ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾದ ಈ ಸಂಸ್ಥೆ ಲಾಭಕ್ಕಾಗಿ ನಡೆಯುವುದಲ್ಲ. ಹಳೆಯ ಪುಸ್ತಕ, ಧ್ವನಿಮುದ್ರಿಕೆ, ಚಲನಚಿತ್ರಗಳನ್ನೂ, ಅಂತರಜಾಲದಿಂದ ಅಳಿಸಿಹೋದ ಪುಟಗಳನ್ನೂ ಕೂಡಿಟ್ಟು ಎಲ್ಲರಿಗೂ ತೆರೆದಿಟ್ಟಿರುವ ಗ್ರಂಥಾಲಯ ಅದು. ಅದರ ಬಾಗಿಲು ಭಾರತದ ಓದುಗರಿಗೆ ಹಲವು ದಿನ ಮುಚ್ಚಿತ್ತು. ತಮಗೆ ಯಾರೂ ಮೊದಲು ಒಂದು ಮಾತನ್ನೂ ತಿಳಿಸಿರಲಿಲ್ಲವೆಂದು ಸಂಸ್ಥೆಯವರು ಹೇಳಿದರು. ವಿಚಿತ್ರವೆಂದರೆ, ಆ ಎರಡು ಚಿತ್ರಗಳಲ್ಲಿ ಮೊದಲನೆಯದು ಅದೇ ವರ್ಷದ ಆರಂಭದಲ್ಲಿ ಪ್ರಮಾಣಪತ್ರ ಸಿಗದೆ ತಾನೇ ತಡೆಗೆ ಒಳಗಾಗಿ, ಮೇಲ್ಮನವಿ ನ್ಯಾಯಮಂಡಳಿಯಲ್ಲಿ ವಾದಿಸಿ ಬಿಡುಗಡೆ ಪಡೆದಿತ್ತು. ಚಿತ್ರಕ್ಕೆ ದೊರೆತ ಆ ವಾದದ ಅವಕಾಶ ಗ್ರಂಥಾಲಯಕ್ಕೆ ದೊರೆಯಲಿಲ್ಲ.

ದೂರದ ಅಮೆರಿಕದ ಸಂಸ್ಥೆಯ ಬಾಗಿಲು ಮುಚ್ಚಿದರೆ ಕನ್ನಡಿಗನಿಗೇನು ಎಂದು ಕೇಳಬಹುದು. ಇದೇ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯವೂ ಸೇರಿ ಭಾರತದ ಡಿಜಿಟಲ್ ಗ್ರಂಥಾಲಯವೆಂಬ ಯೋಜನೆಯನ್ನು ನಡೆಸಿದವು. ದೇಶದ ಗ್ರಂಥಾಲಯಗಳಲ್ಲಿ ದೂಳು ಹಿಡಿದಿದ್ದ ಪುಸ್ತಕಗಳ ಪುಟಪುಟದ ಚಿತ್ರ ತೆಗೆದು ಕಾಪಿಟ್ಟರು. ಅವುಗಳಲ್ಲಿ ಸಾವಿರಾರು ಕನ್ನಡ ಪುಸ್ತಕಗಳಿದ್ದವು. ಗ್ರಂಥಸ್ವಾಮ್ಯದ ಆಕ್ಷೇಪಗಳು ಎದ್ದು ಆ ತಾಣ ಮುಂದೆ ನಿಂತುಹೋಯಿತು. ಆಕ್ಷೇಪಗಳು ಪೂರ್ತಿ ಅನ್ಯಾಯದವೂ ಅಲ್ಲ. ಅವಧಿ ಮುಗಿಯದ ಪುಸ್ತಕಗಳೂ ಅಲ್ಲಿ ಸೇರಿಕೊಂಡಿದ್ದವು. ಆದರೆ ಅವುಗಳೊಂದಿಗೆ ಯಾರ ಸ್ವಾಮ್ಯವೂ ಇಲ್ಲದ ಪುಸ್ತಕಗಳೂ ಕಣ್ಮರೆಯಾದವು. ಆ ಸಂಗ್ರಹದ ಬಹುಪಾಲು ಪ್ರತಿಗಳು ಉಳಿದು ನಮಗೆ ದೊರೆಯುತ್ತಿರುವುದು ಇಂಟರ್ನೆಟ್ ಆರ್ಕೈವಿನಲ್ಲಿ. ಮರುಮುದ್ರಣ ಕಾಣದ ಹಳೆಯ ವ್ಯಾಕರಣ, ಶತಮಾನದ ಹಿಂದಿನ ನಾಟಕ, ನಿಂತುಹೋದ ಪತ್ರಿಕೆಯ ಸಂಪುಟ ಬೇಕಾದ ಸಂಶೋಧಕ, ಬೆಂಗಳೂರು, ಮೈಸೂರು, ಧಾರವಾಡಗಳ ಗ್ರಂಥಾಲಯಗಳಿಗೆ ಅಲೆಯಲಾರದ ಸಣ್ಣ ಊರಿನ ಅಧ್ಯಾಪಕ, ಹೊರನಾಡಿನಲ್ಲಿರುವ ಕನ್ನಡಿಗ, ಇವರೆಲ್ಲರ ದಾರಿ ಅದು. ಎರಡು ಹಿಂದಿ ಚಿತ್ರಗಳ ಕಳ್ಳಪ್ರತಿಗಾಗಿ ಹಾಕಿದ ಬೀಗದ ಹಿಂದೆ ಗಳಗನಾಥರ ಕಾಲದ ಕನ್ನಡವೂ ಸಿಕ್ಕಿಕೊಂಡಿತ್ತು.

ಇಲ್ಲಿ ನಿರ್ಮಾಪಕರ ಪರವಾಗಿ ಒಂದು ಬಲವಾದ ಆಕ್ಷೇಪವಿದೆ. ಒಂದೊಂದೇ ಪುಟವನ್ನು ಗುರುತಿಸಿ, ಒಬ್ಬೊಬ್ಬರಿಗೇ ನೋಟೀಸು ಕೊಟ್ಟು ಕುಳಿತರೆ ಚಿತ್ರದ ಆಯುಸ್ಸೇ ಮುಗಿಯುತ್ತದೆ; ಒಂದು ತಾಣ ಮುಚ್ಚಿದರೆ ಕಳ್ಳನು ಒಂದಕ್ಷರ ಬದಲಿಸಿ ಮತ್ತೊಂದನ್ನು ತೆರೆಯುತ್ತಾನೆ. ಈ ಮಾತು ನಿಜ. ಇದಕ್ಕಾಗಿಯೇ 2019ರ ಏಪ್ರಿಲಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯ, ಕಳ್ಳಪ್ರತಿಗಳನ್ನು ಹಂಚುವುದನ್ನೇ ಕಸುಬಾಗಿಸಿಕೊಂಡ ತಾಣಗಳನ್ನು ಬೇರೆಯಾಗಿ ಗುರುತಿಸಿ, ಅವುಗಳನ್ನು ಇಡಿಯಾಗಿ ಮುಚ್ಚಬಹುದೆಂದೂ, ಅವು ವೇಷ ಬದಲಿಸಿ ಬಂದರೆ ಹೊಸ ಮೊಕದ್ದಮೆಯಿಲ್ಲದೆ ಅದೇ ಆಜ್ಞೆಯನ್ನು ವಿಸ್ತರಿಸಬಹುದೆಂದೂ ಹೇಳಿತು. 2023ರ ಆಗಸ್ಟಿನಲ್ಲಿ ಅದೇ ನ್ಯಾಯಾಲಯ, ಮುಂದೆ ತಯಾರಾಗುವ ಕೃತಿಗಳಿಗೂ ಈ ರಕ್ಷಣೆಯನ್ನು ಹಬ್ಬಿಸಿತು. ಆ ವರ್ಷವೇ ಚಲನಚಿತ್ರ ಕಾನೂನಿಗೆ ತಿದ್ದುಪಡಿಯಾಯಿತು. ನವೆಂಬರಿನಲ್ಲಿ ಕೇಂದ್ರ ಸರ್ಕಾರ 12 ಅಧಿಕಾರಿಗಳನ್ನು ನೇಮಿಸಿ, ದೂರು ಬಂದರೆ 48 ಗಂಟೆಗಳೊಳಗೆ ಕಳ್ಳಪ್ರತಿಯನ್ನು ತಡೆಸುವ ವ್ಯವಸ್ಥೆ ಮಾಡಿತು. ಅಲ್ಲಿಗೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಅಗತ್ಯವೂ ಕಡಮೆಯಾಯಿತು.

ಕಸುಬಿನ ಕಳ್ಳನ ಮೇಲೆ ಈ ವೇಗ ಸಲ್ಲಬಹುದು. ಆದರೆ ಬೀಗದ ಕೈ ಹೆಚ್ಚು ಜನರ ಕೈಗೆ ಹೋದಷ್ಟೂ ತಪ್ಪು ಬಾಗಿಲಿಗೆ ಬೀಗ ಬೀಳುವ ಸಂಭವವೂ ಹೆಚ್ಚು. ಇಟಲಿಯಲ್ಲಿ ಫುಟ್‌ಬಾಲ್ ಪಂದ್ಯಗಳ ಕಳ್ಳ ಪ್ರಸಾರವನ್ನು 30 ನಿಮಿಷಗಳೊಳಗೆ ತಡೆಯಬೇಕೆಂಬ ವ್ಯವಸ್ಥೆ 2024ರಲ್ಲಿ ಆರಂಭವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಒಂದು ಸಂಜೆ, ಜನ ತಮ್ಮ ಕಾಗದಪತ್ರಗಳನ್ನು ಇಟ್ಟುಕೊಳ್ಳುವ ಗೂಗಲ್ ಡ್ರೈವ್ ಸೇವೆಯೇ ಆ ದೇಶದಲ್ಲಿ ಮುಚ್ಚಿಹೋಯಿತು. ಅಮೆರಿಕದಲ್ಲಿ ಸಂಗೀತದ ಒಂದು ತಾಣವನ್ನು 2010ರ ನವೆಂಬರಿನಲ್ಲಿ ಸರ್ಕಾರ ವಶಪಡಿಸಿಕೊಂಡು, ಒಂದು ವರ್ಷಕ್ಕೂ ಮೀರಿ ಇಟ್ಟುಕೊಂಡು, 2011ರ ಡಿಸೆಂಬರಿನಲ್ಲಿ ಯಾವ ಆರೋಪವನ್ನೂ ಹೊರಿಸದೆ ಹಿಂದಿರುಗಿಸಿತು. ಇಂಥ ಅನುಭವಗಳ ನೆನಪು ಹಸಿಯಾಗಿದ್ದುದರಿಂದಲೇ, ತಾಣಗಳನ್ನು ತಡೆಯುವ ಅಧಿಕಾರವನ್ನು ಹಿಗ್ಗಿಸುವ ಮಸೂದೆಗಳು ಅಲ್ಲಿನ ಕಾಂಗ್ರೆಸ್ಸಿನ ಮುಂದೆ ಬಂದಾಗ ಜನ ಎಚ್ಚೆತ್ತರು. 2012ರ ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯ ಪ್ರತಿಭಟನೆಯಾಗಿ ಒಂದು ದಿನ ತನ್ನನ್ನು ತಾನೇ ಮುಚ್ಚಿಕೊಂಡಿತು. ಮಸೂದೆಗಳು ಮುಂದಕ್ಕೆ ಹೋದವು, ಮತ್ತೆ ಮೇಲೇಳಲಿಲ್ಲ.

ಇನ್ನೊಂದು ಸಂಗತಿಯಿದೆ. ಈ ಬೀಗಗಳು ಹೆಚ್ಚು ಕಾಡುವುದು ಪ್ರಾಮಾಣಿಕರನ್ನೇ. ಕಳ್ಳನು ಗಂಟೆಗೊಂದು ಹೆಸರು ಬದಲಿಸಬಲ್ಲ, ಗ್ರಂಥಾಲಯ ಬದಲಿಸಲಾರದು. ಅದು ತನ್ನ ಹೆಸರಿನಲ್ಲಿ, ತನ್ನ ವಿಳಾಸದಲ್ಲಿ ನಿಂತಿರುತ್ತದೆ; ಬೀಗ ಬಿದ್ದರೆ ಬಿದ್ದಲ್ಲೇ ಉಳಿಯುತ್ತದೆ.

ಹಾಗಾದರೆ ಗ್ರಂಥಾಲಯ ತಪ್ಪೇ ಮಾಡುವುದಿಲ್ಲವೆ? ಮಾಡಬಹುದು. ಆಗ ಏನಾಗಬೇಕೆಂಬುದಕ್ಕೂ ಇದೇ ಇಂಟರ್ನೆಟ್ ಆರ್ಕೈವಿನ ಕಥೆಯೇ ನಿದರ್ಶನ. ಸ್ವಾಮ್ಯವಿರುವ ಪುಸ್ತಕಗಳ ಪ್ರತಿ ಮಾಡಿ ಎರವಲು ಕೊಡುತ್ತಿದೆಯೆಂದು 2020ರಲ್ಲಿ ನಾಲ್ವರು ಪ್ರಕಾಶಕರು ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಅದರ ಮೇಲೆ ದಾವೆ ಹೂಡಿದರು. ಸಂಸ್ಥೆ ಹಾಜರಾಗಿ ವಾದಿಸಿತು, 2023ರಲ್ಲಿ ಸೋತಿತು, 2024ರಲ್ಲಿ ಮೇಲ್ಮನವಿಯಲ್ಲೂ ಸೋತಿತು. ಸುಮಾರು 5 ಲಕ್ಷ ಪುಸ್ತಕಗಳನ್ನು ಎರವಲು ಪಟ್ಟಿಯಿಂದ ತೆಗೆಯಬೇಕಾಯಿತು. ಆ ತೀರ್ಪನ್ನು ಒಪ್ಪದವರು ಬಹಳ ಮಂದಿ ಇದ್ದಾರೆ. ಆದರೂ ಅಲ್ಲಿ ಎರಡು ಪಕ್ಷಗಳ ಮಾತು ನಡೆಯಿತು, ತೀರ್ಪಿಗೆ ಕಾರಣಗಳನ್ನು ಬರೆದರು, ವ್ಯಾಜ್ಯದ ಪುಸ್ತಕಗಳು ಹೋದವು, ಗ್ರಂಥಾಲಯ ಉಳಿಯಿತು. ನಮ್ಮಲ್ಲಿ 2017ರಲ್ಲಿ ವಾದವಿಲ್ಲದೆ ಗ್ರಂಥಾಲಯವೇ ಮುಚ್ಚಿತ್ತು. ಅಂತರಜಾಲದ ಮೂಲಕ ನಡೆಯುವ ಅಭಿವ್ಯಕ್ತಿಗೂ ಸಂವಿಧಾನದ 19ನೆಯ ವಿಧಿಯ ರಕ್ಷಣೆಯಿದೆ, ಅದರ ಮೇಲಿನ ನಿರ್ಬಂಧ ಉದ್ದೇಶಕ್ಕೆ ತಕ್ಕ ಪ್ರಮಾಣದಲ್ಲಿರಬೇಕು ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2020ರ ಜನವರಿಯಲ್ಲಿ, ಕಾಶ್ಮೀರದ ಪ್ರಕರಣದಲ್ಲಿ ಹೇಳಿದೆ. ಒಂದು ಚಿತ್ರಕ್ಕಾಗಿ ಒಂದು ಗ್ರಂಥಾಲಯವೆಂಬುದು ಯಾವ ತಕ್ಕಡಿಯಲ್ಲೂ ತೂಗದ ಲೆಕ್ಕ.

ಓದುಗರ ಪರವಾಗಿ ಕೇಳಬೇಕಾದದ್ದು ಹೊಸದೇನೂ ಅಲ್ಲ. ನಮ್ಮ ನ್ಯಾಯಮೂರ್ತಿಗಳೇ ಆಗಾಗ ಹೇಳಿರುವುದನ್ನು ಮರೆಯದಿದ್ದರೆ ಸಾಕು. ಕಸುಬಿನ ಕಳ್ಳರಲ್ಲದವರ ವಿಷಯದಲ್ಲಿ ತಡೆ ಆಯಾ ಪುಟಕ್ಕೆ ಮಾತ್ರವಿರಲಿ. ತಾಣಕ್ಕೆ ಒಡೆಯರಿದ್ದು ವಿಳಾಸವಿದ್ದರೆ ಅವರಿಗೆ ಮೊದಲು ತಿಳಿಸಲಿ. ಹಾಗೆ ತಿಳಿಸಿದ ಮೇಲೆ ಪ್ರತಿಯನ್ನು ತೆಗೆಯುವ, 21 ದಿನಗಳಲ್ಲಿ ನ್ಯಾಯಾಲಯದ ಆಜ್ಞೆ ಬಾರದಿದ್ದರೆ ಅದನ್ನು ಮರಳಿ ಇಡುವ ಕ್ರಮವನ್ನು 2012ರ ತಿದ್ದುಪಡಿಯೇ ಕಾನೂನಿನಲ್ಲಿ ಕಲ್ಪಿಸಿದೆ. ಮುಚ್ಚಿದ ಬಾಗಿಲ ಮೇಲೆ ಕಾರಣವೂ ದೂರು ಕೊಡುವ ವಿಳಾಸವೂ ಇರಲಿ. ಮುಚ್ಚಿದ ತಾಣಗಳ ಪಟ್ಟಿ ಸಾರ್ವಜನಿಕರ ಕಣ್ಣಿಗೆ ಬೀಳಲಿ. ತಡೆಗೊಂದು ಅವಧಿಯಿರಲಿ, ಚಿತ್ರದ ಓಟ ಮುಗಿದ ಮೇಲೂ ಬೀಗ ತುಕ್ಕು ಹಿಡಿಯುತ್ತ ಕೂರಬಾರದು. ಪಟ್ಟಿ ತಯಾರಿಸಿದವರು ನಿರ್ದೋಷಿಯ ಹೆಸರನ್ನು ಸೇರಿಸಿದ್ದರೆ ಅದರ ನಷ್ಟವನ್ನು ಅವರೇ ತುಂಬಿಕೊಡಲಿ. ದೆಹಲಿಯ ಜೆರಾಕ್ಸ್ ಪ್ರಕರಣದಲ್ಲಿ ಆದಂತೆ ಓದುಗರ ಸಂಘವೋ ಗ್ರಂಥಪಾಲಕರ ಸಂಘವೋ ಬಂದು ಮಾತನಾಡುತ್ತೇನೆಂದರೆ ಅದಕ್ಕೆ ಅವಕಾಶವಿರಲಿ.

ಇವುಗಳಲ್ಲಿ ಯಾವುದೂ ಲೇಖಕನ ತುತ್ತನ್ನು ಕಿತ್ತುಕೊಳ್ಳುವುದಿಲ್ಲ. ಲೇಖಕನಿಗೂ ಓದುಗನಿಗೂ ಹಗೆಯಿಲ್ಲ. ಇಂದಿನ ಲೇಖಕ ನಿನ್ನೆಯ ಓದುಗ. ಹಳೆಯದನ್ನು ಓದದೆ ಹೊಸದನ್ನು ಬರೆದವರು ಯಾವ ಭಾಷೆಯಲ್ಲೂ ಇಲ್ಲ. ಮೂರು ಶತಮಾನಗಳ ಹಿಂದೆ ಆ ಮೊದಲ ಶಾಸನವನ್ನು ಬರೆದವರು ವಿದ್ಯೆಯ ಪ್ರೋತ್ಸಾಹವೆಂಬ ಮಾತನ್ನು ಅದರ ತಲೆಯ ಮೇಲೆಯೇ ಇಟ್ಟಿದ್ದರು. ಬಾಗಿಲು ಮುಚ್ಚುವ ಪ್ರತಿಯೊಂದು ಆಜ್ಞೆಯನ್ನೂ ಆ ಮಾತಿಗೆ ಹಿಡಿದು ನೋಡುವ ಅಭ್ಯಾಸ ನಮ್ಮ ನ್ಯಾಯಾಲಯಗಳಿಗೂ ಅಧಿಕಾರಿಗಳಿಗೂ ಬರಲಿ. ಅದಕ್ಕಾಗಿ ಕೇಳುವ ಅಭ್ಯಾಸ ನಮಗೂ ಬರಲಿ.